ಟೆನ್ಸ್ ಟೇಬಲ್ ಬಾಯಿಪಾಠ ಇದೆ, ಬರೆಯೋಕೆ ಕೂತರೆ ಮಾತ್ರ ಎಡವಟ್ಟು: ಡಿಗ್ರಿಯಲ್ಲಿ ಇಂಗ್ಲಿಷ್ ಗ್ರಾಮರ್ ಹೇಗೆ ಕಲಿಯೋದು?

ಬಿಎ ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ಬಿಎ ಎರಡನೇ ವರ್ಷದಲ್ಲಿದ್ದೇನೆ. ಪಿಯುಸಿವರೆಗೂ ಕನ್ನಡ ಮಾಧ್ಯಮ. ಹನ್ನೆರಡು ಟೆನ್ಸ್‌ಗಳ ಟೇಬಲ್ ಹೈಸ್ಕೂಲಿನಿಂದಲೇ ಬಾಯಿಪಾಠ ಇದೆ. ಬಿಟ್ಟ ಸ್ಥಳ ತುಂಬಿರಿ ಅಂದರೆ ತುಂಬುತ್ತೇನೆ. ಆ್ಯಕ್ಟಿವ್ ಇದ್ದದ್ದನ್ನು ಪ್ಯಾಸಿವ್ ಮಾಡಿ ಅಂದರೆ ಮಾಡುತ್ತೇನೆ. ಆದರೆ ಖಾಲಿ ಹಾಳೆ ಕೊಟ್ಟು ನಿಮ್ಮ ಬಗ್ಗೆ ಒಂದು ಪುಟ ಬರೆಯಿರಿ ಅಂದರೆ ಕೈ ನಿಂತುಬಿಡುತ್ತದೆ.

ಮೊನ್ನೆ ಇಂಟರ್ನಲ್ಸ್‌ಗೆ ಬರೆದದ್ದರಲ್ಲಿ ಈ ವಾಕ್ಯಗಳ ಕೆಳಗೆ ಕೆಂಪು ಗೆರೆ ಬಂದಿದೆ:

'ಐ ಆ್ಯಮ್ ಲಿವಿಂಗ್ ಇನ್ ನವನಗರ ಸಿನ್ಸ್ ಟೆನ್ ಇಯರ್ಸ್.'
'ಐ ಹ್ಯಾವ್ ಪೇಯ್ಡ್ ದಿ ಫೀಸ್ ಯೆಸ್ಟರ್‌ಡೇ.'
'ದಿ ಕಾಲೇಜ್ ವಿಚ್ ಐ ಸ್ಟಡಿ ಈಸ್ ನಿಯರ್ ದಿ ಬಸ್ ಸ್ಟ್ಯಾಂಡ್.'
'ಮೈ ಫ್ರೆಂಡ್ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ.'

ಗೆರೆ ಇದೆ, ಯಾಕೆ ಅಂತ ಬರೆದಿಲ್ಲ. ಕ್ಲಾಸ್ ದೊಡ್ಡದು, ಒಬ್ಬೊಬ್ಬರಿಗೂ ಕೂತು ಹೇಳೋಕೆ ಅವರಿಗೂ ಸಮಯ ಸಿಗಲ್ಲ. ಬೇಸಿಕ್ ಪುಸ್ತಕ ತೆಗೆದರೆ ಎಲ್ಲ ಗೊತ್ತಿರೋದೇ. ದಪ್ಪ ಪುಸ್ತಕ ತೆಗೆದರೆ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯೋದಿಲ್ಲ. ನನ್ನಂಥವರು ಮುಂದೆ ಏನು ಓದಬೇಕು?

ಎಂಜಿನಿಯರಿಂಗ್ ವಿದ್ಯಾರ್ಥಿ, ತಿಳಕವಾಡಿ, ಬೆಳಗಾವಿ

ಗ್ರಾಮರ್ ಪುಸ್ತಕ ಪಕ್ಕಕ್ಕಿಡಿ. ದಿನಾ ಇಂಗ್ಲಿಷ್ ನ್ಯೂಸ್ ಕೇಳಿ, ಇಬ್ಬರು ಗೆಳತಿಯರನ್ನು ಹುಡುಕಿಕೊಂಡು ಇಂಗ್ಲಿಷ್‌ನಲ್ಲೇ ಮಾತಾಡಿ. ಕನ್ನಡ ಕಲಿಯುವಾಗ ಯಾರಾದರೂ ವ್ಯಾಕರಣ ಓದಿದ್ದೆವಾ? ಇಂಗ್ಲಿಷ್‌ನಲ್ಲೇ ಯೋಚನೆ ಮಾಡಿ, ಸರಿಹೋಗುತ್ತದೆ.

ಇಂಗ್ಲಿಷ್ ಅಧ್ಯಾಪಕ, ವಿಜಯಪುರ

ತಂಗಿ, ನಿನ್ನ ನಾಲ್ಕೂ ವಾಕ್ಯ ಓದಿದೆ. ಮೊದಲು ತಿಳಿಯಬೇಕಾದದ್ದು ಏನಂದರೆ, ಇವು ಅಡ್ಡಾದಿಡ್ಡಿ ತಪ್ಪುಗಳಲ್ಲ. ಪ್ರತಿಯೊಂದರ ಹಿಂದೆಯೂ ಪೂರ್ತಿ ಸರಿಯಾದ ಒಂದು ಕನ್ನಡ ವಾಕ್ಯ ನಿಂತಿದೆ. ನಮ್ಮ ಭಾಗದ ಹುಡುಗ ಹುಡುಗಿಯರ ಉತ್ತರ ಪತ್ರಿಕೆಗಳಲ್ಲಿ ಇವೇ ನಾಲ್ಕೈದು ಬಗೆ ಮತ್ತೆ ಮತ್ತೆ ಬರುತ್ತವೆ. ಕಾರಣ ನಮ್ಮ ಭಾಷೆಯಲ್ಲೇ ಇದೆ. ಅದನ್ನು ಕಂಡುಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲನೆಯದು ನೋಡು. ನಾವು 'ಹತ್ತು ವರ್ಷದಿಂದ ಇಲ್ಲಿದ್ದೇನೆ' ಅನ್ನುತ್ತೇವೆ. '2015ರಿಂದ ಇಲ್ಲಿದ್ದೇನೆ' ಅಂತಲೂ ಅನ್ನುತ್ತೇವೆ. ಎರಡಕ್ಕೂ ಅದೇ 'ಇಂದ'. ಇಂಗ್ಲಿಷ್ ಇಲ್ಲಿ ಒಂದು ಪ್ರಶ್ನೆ ಕೇಳುತ್ತದೆ: ನೀನು ಎಷ್ಟು ಕಾಲ ಅಂತ ಹೇಳುತ್ತಿದ್ದೀಯಾ, ಯಾವಾಗ ಶುರುವಾಯಿತು ಅಂತ ಹೇಳುತ್ತಿದ್ದೀಯಾ? ಎಷ್ಟು ಕಾಲ ಅಂತಾದರೆ 'ಫಾರ್', ಶುರು ಆದದ್ದು ಯಾವಾಗ ಅಂತಾದರೆ 'ಸಿನ್ಸ್'. ಕ್ರಿಯಾಪದದಲ್ಲೂ ವ್ಯತ್ಯಾಸ ಇದೆ. ಕನ್ನಡದಲ್ಲಿ 'ಇದ್ದೇನೆ' ಅಂದರೆ ಸಾಕು. ಇಂಗ್ಲಿಷ್‌ಗೆ ಆಗಿನಿಂದ ಈಗಿನವರೆಗೆ ಎಳೆದು ತೋರಿಸುವ ರೂಪ ಬೇಕು. ಹಾಗಾಗಿ 'ಐ ಹ್ಯಾವ್ ಬೀನ್ ಲಿವಿಂಗ್ ಇನ್ ನವನಗರ ಫಾರ್ ಟೆನ್ ಇಯರ್ಸ್'.

ಮೂರನೆಯದು ನನಗೆ ಬಹಳ ಇಷ್ಟವಾದ ಜಾಗ. 'ನಾನು ಓದಿದ ಪುಸ್ತಕ', 'ನಾನು ಓದಿದ ಕಾಲೇಜು', 'ನಾನು ಓದಿದ ವರ್ಷ'. ಕನ್ನಡದಲ್ಲಿ 'ಓದಿದ' ಬದಲಾಗೋದೇ ಇಲ್ಲ. ಪುಸ್ತಕವನ್ನು ಓದಿದ್ದು, ಕಾಲೇಜಿನಲ್ಲಿ ಓದಿದ್ದು ಅಂತ ಕೇಳುವವರೇ ತಿಳಿದುಕೊಳ್ಳುತ್ತಾರೆ. ಕನ್ನಡ ಆ 'ಅಲ್ಲಿ'ಯನ್ನು ನುಂಗುತ್ತದೆ. ಇಂಗ್ಲಿಷ್ ನುಂಗಲು ಬಿಡುವುದಿಲ್ಲ. ಪುಸ್ತಕಕ್ಕೆ 'ದಿ ಬುಕ್ ವಿಚ್ ಐ ರೆಡ್' ಸರಿ. ಕಾಲೇಜಿಗೆ 'ದಿ ಕಾಲೇಜ್ ವೇರ್ ಐ ಸ್ಟಡಿ' ಆಗಬೇಕು, ಇಲ್ಲವೇ 'ದಿ ಕಾಲೇಜ್ ಇನ್ ವಿಚ್ ಐ ಸ್ಟಡಿ'. ಸಂಶಯ ಬಂದಾಗ ಆ ಸಣ್ಣ ವಾಕ್ಯವನ್ನು ಬಿಡಿಸಿ ಬರೆದು ನೋಡು. 'ಐ ಸ್ಟಡಿ ದಿ ಕಾಲೇಜ್' ಅನ್ನೋಕೆ ಆಗುತ್ತದಾ? ಆಗಲ್ಲ, 'ಇನ್' ಬೇಕು. ಅಂದರೆ ಕೂಡಿಸಿ ಬರೆದಾಗಲೂ ಅದು ಎಲ್ಲೋ ಒಂದು ಕಡೆ ಇರಲೇಬೇಕು.

ನಾಲ್ಕನೆಯದು ನಮ್ಮ 'ಅಂತ'ದಿಂದ ಬಂದದ್ದು. 'ಗೆಳತಿ ನಾಳೆ ಬರ್ತೀನಿ ಅಂತ ಹೇಳಿದಳು'. ಅಂತದ ಮುಂಚೆ ಅವಳ ಬಾಯಿಂದ ಬಂದ ಮಾತು ಇದ್ದಂತೆಯೇ ಉಳಿಯುತ್ತದೆ. ಇಂಗ್ಲಿಷ್‌ನಲ್ಲಿ 'ದಟ್' ಬಂದ ಕೂಡಲೇ ಹೇಳುವವಳು ನೀನಾಗುತ್ತೀಯಾ. ಆಗ ಅವಳ 'ನಾನು' ನಿನ್ನ 'ಅವಳು' ಆಗಬೇಕು. 'ಮೈ ಫ್ರೆಂಡ್ ಸೆಡ್ ದಟ್ ಶಿ ವುಡ್ ಕಮ್ ದಿ ನೆಕ್ಸ್ಟ್ ಡೇ'. 'ಟೋಲ್ಡ್' ಬಳಸಿದರೆ ಯಾರಿಗೆ ಅಂತಲೂ ಹೇಳಬೇಕು, 'ಟೋಲ್ಡ್ ಮಿ ದಟ್'.

ಎರಡನೆಯದನ್ನು ಬೇಕಂತಲೇ ಬಿಟ್ಟಿದ್ದೇನೆ. ಅದು ಸ್ವಲ್ಪ ದೊಡ್ಡದು.

ಎಂಜಿನಿಯರಿಂಗ್ ವಿದ್ಯಾರ್ಥಿ, ತಿಳಕವಾಡಿ, ಬೆಳಗಾವಿ

ಸರ್, ನೀವು ಹೇಳಿದ್ದು ಚೆನ್ನಾಗಿದೆ. ಆದರೆ ಹೀಗೆ ಕನ್ನಡದ ಜೊತೆ ಹೋಲಿಸುತ್ತಾ ಕೂತರೆ ಮಾತಾಡುವಾಗ ನಿಧಾನ ಆಗಲ್ವಾ? ಅನುವಾದ ಮಾಡಿಕೊಂಡು ಮಾತಾಡಬೇಡಿ ಅಂತ ಎಲ್ಲರೂ ಹೇಳ್ತಾರೆ.

ಇಂಗ್ಲಿಷ್ ಅಧ್ಯಾಪಕ, ವಿಜಯಪುರ

ಮಾತಾಡುವಾಗ ಹೋಲಿಸಬೇಡಪ್ಪಾ. ಬಂದದ್ದು ಬರಲಿ. ಹೋಲಿಕೆ ಇರೋದು ಬರೆದಾದ ಮೇಲೆ ತಿದ್ದೋಕೆ. ಇನ್ನು ಇಂಗ್ಲಿಷ್‌ನಲ್ಲೇ ಯೋಚಿಸಿ ಅನ್ನುವ ಮಾತು. ಸಾಕಷ್ಟು ಇಂಗ್ಲಿಷ್ ಕಿವಿಗೆ ಬಿದ್ದವರಿಗೆ ಅದು ಒಳ್ಳೆಯ ಸಲಹೆ. ನಿನಗೆ ಎಂಜಿನಿಯರಿಂಗ್ ಕ್ಲಾಸಿನಲ್ಲಿ ದಿನವಿಡೀ ಇಂಗ್ಲಿಷ್ ಕೇಳುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ವಾರಕ್ಕೆ ಕೆಲವೇ ಗಂಟೆ. ಮನೆಯಲ್ಲಿ, ಬಸ್ಸಿನಲ್ಲಿ, ಬಜಾರದಲ್ಲಿ ಎಲ್ಲೂ ಇಂಗ್ಲಿಷ್ ಇಲ್ಲ. ಕನ್ನಡವನ್ನು ನಾವು ವ್ಯಾಕರಣ ಓದದೆ ಕಲಿತೆವು ನಿಜ, ಆದರೆ ಎಚ್ಚರ ಇದ್ದಾಗೆಲ್ಲ ಕನ್ನಡ ಕೇಳುತ್ತಾ ಬೆಳೆದೆವು. ಇಲ್ಲದ ಆ ಕೇಳಿಕೆಯ ಜಾಗವನ್ನು ಸ್ವಲ್ಪಮಟ್ಟಿಗೆ ತುಂಬೋದು ವ್ಯಾಕರಣ. ನಿನ್ನ ಸಲಹೆ ತಪ್ಪು ಅಂತ ನಾನು ಹೇಳಲ್ಲ. ಕೇಳುವುದು, ಮಾತಾಡುವುದು ಎರಡೂ ಬೇಕು. ಗ್ರಾಮರ್ ಪಕ್ಕಕ್ಕಿಡಿ ಅನ್ನೋದನ್ನು ಮಾತ್ರ ಒಪ್ಪಲ್ಲ.

ಎಂಎ ಓದುತ್ತಿರುವವರು, ಶಹಾಪುರ, ಬೆಳಗಾವಿ

ನಮ್ಮ ಮನೆಯಲ್ಲಿ ಮರಾಠಿ. ಶಾಲೆ ಕೂಡ ಮರಾಠಿಯಲ್ಲೇ ಆಯಿತು. ಸರ್ ಹೇಳಿದ 'ಇಂದ' ನಮಗೂ ಅಷ್ಟೇ ಅನ್ವಯಿಸುತ್ತದೆ. ನಾವು 'ಪಾಚ್ ವರ್ಷಾಂಪಾಸೂನ್' ಅನ್ನುತ್ತೇವೆ, ಇಸವಿ ಹೇಳುವಾಗಲೂ ಅದೇ 'ಪಾಸೂನ್'. ಹಾಸ್ಟೆಲಿನಲ್ಲಿ ಕನ್ನಡದ ಗೆಳತಿಯರು, ನಾವು, ಉರ್ದು ಮನೆಮಾತಿನ ಒಬ್ಬಳು, ಎಲ್ಲರೂ 'ಸಿನ್ಸ್ ಫೈವ್ ಇಯರ್ಸ್' ಅಂತಲೇ ಬರೆಯುತ್ತಿದ್ದೆವು. ಒಬ್ಬರಿಗೊಬ್ಬರು ತಿದ್ದಲು ಸಾಧ್ಯವೇ ಇರಲಿಲ್ಲ, ಯಾಕಂದರೆ ಎಲ್ಲರ ಕಿವಿಗೂ ಅದು ಸರಿ ಅನಿಸುತ್ತಿತ್ತು. ಅದಕ್ಕೇ ನನಗನಿಸೋದು, ನಮ್ಮ ನಮ್ಮಲ್ಲೇ ಮಾತಾಡಿದರೆ ಧೈರ್ಯ ಬರುತ್ತದೆ, ಆದರೆ ಈ ಬಗೆಯ ವಾಕ್ಯಗಳು ತಾವಾಗೇ ಸರಿಹೋಗಲ್ಲ. ಹೊರಗಿನಿಂದ ಒಂದು ಸರಿಯಾದ ಮಾದರಿ ಬೇಕು.

ಬಿಎ ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ

ಸರ್, ಇಷ್ಟು ದಿನ ಯಾರೂ ಹೀಗೆ ಹೇಳಿರಲಿಲ್ಲ. ಈಗ ಫೀಸಿನ ವಾಕ್ಯ ಹೇಳಿ. 'ಫೀಸ್ ನಿನ್ನೆನೇ ಕಟ್ಟಿದ್ದೇನೆ' ಅಂತ ಕನ್ನಡದಲ್ಲಿ ಹೇಳುತ್ತೇವಲ್ಲ. ಕಟ್ಟಿದ್ದೇನೆ ಅಂದರೆ 'ಹ್ಯಾವ್ ಪೇಯ್ಡ್' ಅಂತಲೇ ಕಲಿಸಿದ್ದಾರೆ.

ಹೈಸ್ಕೂಲ್ ಶಿಕ್ಷಕಿ, ಅಥಣಿ

ಸರ್ ಬರೆಯುವ ಮುಂಚೆ ನಾನು ಹೇಳಲೇ? ಇದು ನಾನು ದಿನಾ ಕಲಿಸುವ ವಿಷಯ.

ಕಲಿಸಿದ್ದು ತಪ್ಪಲ್ಲ. 'ಕಟ್ಟಿದ್ದೇನೆ'ಗೆ 'ಹ್ಯಾವ್ ಪೇಯ್ಡ್' ಬಹಳ ಸಲ ಹೊಂದುತ್ತದೆ. ಆದರೆ ಕನ್ನಡದ 'ಕಟ್ಟಿದ್ದೇನೆ' ಪಕ್ಕದಲ್ಲಿ ನಿನ್ನೆ, ಮೊನ್ನೆ, ಸೋಮವಾರ ಎಲ್ಲವನ್ನೂ ಕೂರಿಸಿಕೊಳ್ಳುತ್ತದೆ. ಇಂಗ್ಲಿಷ್‌ನ ಪ್ರೆಸೆಂಟ್ ಪರ್ಫೆಕ್ಟ್ ಕೂರಿಸಿಕೊಳ್ಳಲ್ಲ. ಮುಗಿದುಹೋದ ಒಂದು ಸಮಯವನ್ನು ಬೆರಳಿಟ್ಟು ತೋರಿಸಿದ ಕೂಡಲೇ ಸಿಂಪಲ್ ಪಾಸ್ಟ್‌ಗೆ ಬರಬೇಕು. 'ಐ ಪೇಯ್ಡ್ ದಿ ಫೀಸ್ ಯೆಸ್ಟರ್‌ಡೇ'. ಯಾವಾಗ ಅನ್ನೋದು ಮುಖ್ಯ ಅಲ್ಲ, ಕಟ್ಟಿಯಾಗಿದೆ ಅನ್ನೋದಷ್ಟೇ ಮುಖ್ಯ ಅಂದರೆ 'ಐ ಹ್ಯಾವ್ ಪೇಯ್ಡ್ ದಿ ಫೀಸ್'.

ನಮ್ಮ ಊರುಗಳಲ್ಲೇ ಉದಾಹರಣೆ ಇವೆ. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು, ಗಾಂಧೀಜಿ ಅಧ್ಯಕ್ಷರಾಗಿದ್ದರು. ಮಕ್ಕಳು 'ಗಾಂಧೀಜಿ ಹ್ಯಾಸ್ ಕಮ್ ಟು ಬೆಳಗಾವಿ ಇನ್ 1924' ಅಂತ ಬರೆಯುತ್ತಾರೆ. 'ಬಂದಿದ್ದಾರೆ' ಅಂತ ಕನ್ನಡದಲ್ಲಿ ಹೇಳಬಹುದಲ್ವಾ, ಅದಕ್ಕೆ. ಇಸವಿ ಬಂತು ಅಂದರೆ 'ಕೇಮ್'. ಹಾಗೇ 2014ರಲ್ಲಿ ಬಿಜಾಪುರದ ಹೆಸರು ವಿಜಯಪುರ ಆಯಿತು. 'ದಿ ನೇಮ್ ವಾಸ್ ಚೇಂಜ್ಡ್ ಇನ್ 2014'. ಇಸವಿ ತೆಗೆದು ಈಗಿನ ಸ್ಥಿತಿ ಹೇಳುವುದಾದರೆ 'ದಿ ನೇಮ್ ಹ್ಯಾಸ್ ಚೇಂಜ್ಡ್, ಪ್ಲೀಸ್ ಯೂಸ್ ದಿ ನ್ಯೂ ಒನ್'.

ಇದನ್ನು ರೂಢಿ ಮಾಡಿಕೊಳ್ಳಲು ಪತ್ರಿಕೆ ಬಹಳ ಒಳ್ಳೆಯದು. ಒಂದೇ ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿ, ಆಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ. ವಿಷಯ ಗೊತ್ತಿರುವುದರಿಂದ ಕಣ್ಣು ಕ್ರಿಯಾಪದದ ಮೇಲೆ ನಿಲ್ಲುತ್ತದೆ. ಎಷ್ಟೋ ಇಂಗ್ಲಿಷ್ ಸುದ್ದಿಗಳ ಮೊದಲ ವಾಕ್ಯದಲ್ಲಿ 'ಹ್ಯಾಸ್ ಅನೌನ್ಸ್ಡ್', 'ಹ್ಯಾವ್ ಡಿಸೈಡೆಡ್' ಇರುತ್ತದೆ. ಅದು ತಾಜಾ ಸುದ್ದಿ. ಮುಂದಿನ ಪ್ಯಾರಾದಲ್ಲಿ ಯಾವ ದಿನ, ಎಲ್ಲಿ ಅಂತ ವಿವರ ಶುರುವಾದಾಗ 'ಸೆಡ್', 'ಮೆಟ್', 'ವಿಸಿಟೆಡ್' ಬರುತ್ತವೆ. ಒಂದು ತಿಂಗಳು ಹೀಗೆ ಗಮನಿಸಿದರೆ ಟೇಬಲ್‌ನಲ್ಲಿ ಸತ್ತು ಬಿದ್ದಿದ್ದ ಎರಡು ಟೆನ್ಸ್‌ಗಳಿಗೆ ಜೀವ ಬರುತ್ತದೆ.

ಇಂಗ್ಲಿಷ್ ಅಧ್ಯಾಪಕ, ವಿಜಯಪುರ

ಮೇಡಂ, ನಾನು ಬರೆಯಬೇಕಿದ್ದಕ್ಕಿಂತ ಚೆನ್ನಾಗಿ ಬರೆದಿದ್ದೀರಿ.

ಪ್ರವಾಸಿಗರಿಗೆ ಸ್ಥಳ ತೋರಿಸುವವನು, ವಿಜಯಪುರ

ನನ್ನದೂ ಒಂದು ಪ್ರಶ್ನೆ. ಗೋಲಗುಮ್ಮಟದ ಹತ್ತಿರ ಹೊರರಾಜ್ಯದವರಿಗೆ, ವಿದೇಶದವರಿಗೆ ಇಂಗ್ಲಿಷ್‌ನಲ್ಲಿ ವಿವರಿಸಬೇಕು. 'ದೇ ಬಿಲ್ಟ್ ದಿಸ್ ಇನ್ ಸೆವೆಂಟೀನ್ತ್ ಸೆಂಚುರಿ' ಅಂದರೆ ಕೆಲವರು 'ಹೂ?' ಅಂತ ಕೇಳುತ್ತಾರೆ. ಪ್ಯಾಸಿವ್ ವಾಯ್ಸ್ ಶಾಲೆಯಲ್ಲಿ ಓದಿದ್ದೇನೆ, ಆದರೆ ಎಲ್ಲಿ ಬಳಸಬೇಕು ಅಂತ ಮಾತಿನ ಮಧ್ಯೆ ಹೊಳೆಯೋದಿಲ್ಲ.

ಇಂಗ್ಲಿಷ್ ಅಧ್ಯಾಪಕ, ವಿಜಯಪುರ

ಬಹಳ ಒಳ್ಳೆಯ ಪ್ರಶ್ನೆ ರೀ. ಶಾಲೆಯಲ್ಲಿ ಪ್ಯಾಸಿವ್ ಅಂದರೆ 'ರಾಮನಿಂದ ಹಣ್ಣು ತಿನ್ನಲ್ಪಟ್ಟಿತು' ಅಂತ ಕಲಿಸುತ್ತೇವೆ. ಹಾಗೆ ಯಾರೂ ಮಾತಾಡಲ್ಲ. ಅದಕ್ಕೇ ಅದು ಬಾಯಿಗೆ ಬರಲ್ಲ. ನಾವು ನಿಜವಾಗಿ ಹೇಳೋದು ಹೇಗೆ? 'ಇದನ್ನ ಹದಿನೇಳನೇ ಶತಮಾನದಲ್ಲಿ ಕಟ್ಟಿದರು'. 'ಇಲ್ಲಿ ಟಿಕೆಟ್ ಕೊಡ್ತಾರೆ'. 'ಸಂಜೆ ಗೇಟ್ ಮುಚ್ತಾರೆ'. ಯಾರು ಅಂತ ಹೇಳದೆಯೇ ಬಹುವಚನದಲ್ಲಿ ಮುಗಿಸುತ್ತೇವೆ. ಕರ್ತೃ ಇಲ್ಲದ ಈ 'ಕಟ್ಟಿದರು, ಕೊಡ್ತಾರೆ, ಮುಚ್ತಾರೆ' ನಿಮ್ಮ ಮನಸ್ಸಿಗೆ ಬಂದರೆ ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ಪ್ಯಾಸಿವ್ ಬೇಕು ಅಂತ ತಿಳಿಯಿರಿ.

'ದಿಸ್ ವಾಸ್ ಬಿಲ್ಟ್ ಇನ್ ದಿ ಸೆವೆಂಟೀನ್ತ್ ಸೆಂಚುರಿ.' 'ಟಿಕೆಟ್ಸ್ ಆರ್ ಸೋಲ್ಡ್ ಹಿಯರ್.' 'ದಿ ಗೇಟ್ ಈಸ್ ಕ್ಲೋಸ್ಡ್ ಇನ್ ದಿ ಈವ್ನಿಂಗ್.' 'ಮೊಹಮ್ಮದ್ ಆದಿಲ್ ಶಾ ಈಸ್ ಬರೀಡ್ ಹಿಯರ್.' ಕೊನೆಯದರಲ್ಲಿ ಯಾಕೆ 'ಈಸ್' ಅಂದರೆ ಸಮಾಧಿ ಈಗಲೂ ಇಲ್ಲೇ ಇದೆ. ಕಟ್ಟಿದ್ದು ಮುಗಿದ ಕೆಲಸ, ಅಲ್ಲಿ 'ವಾಸ್'. ನಿಮ್ಮ ಕೆಲಸದಲ್ಲಿ ಪ್ಯಾಸಿವ್ ದಿನಕ್ಕೆ ಎಷ್ಟೋ ಸಲ ಬೇಕಾಗುತ್ತದೆ. ನಮ್ಮ ಕ್ಲಾಸಿನ ಹುಡುಗರಿಗಿಂತ ಬೇಗ ನಿಮಗೆ ರೂಢಿಯಾಗುತ್ತದೆ, ನೋಡ್ತಾ ಇರಿ.

ಬ್ಯಾಂಕ್ ಉದ್ಯೋಗಿ, ಜಮಖಂಡಿ

ನಾನೂ ಕನ್ನಡ ಮಾಧ್ಯಮದಿಂದ ಬಂದವಳು. ತಂಗಿ ಬ್ಯಾಂಕ್ ಪರೀಕ್ಷೆ ಬರೆಯುವ ಯೋಚನೆ ಇದ್ದರೆ ಈಗಿಂದಲೇ ಇದನ್ನು ಹಿಡಿ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್ ಅಂದರೆ ಇಂಗ್ಲಿಷ್‌ಗೆ 30 ಪ್ರಶ್ನೆ, 20 ನಿಮಿಷ. ಅಲ್ಲಿ ನಿಯಮ ನೆನಪಿಸಿಕೊಳ್ಳುತ್ತಾ ಕೂರೋಕೆ ಆಗಲ್ಲ, ತಪ್ಪು ಕಣ್ಣಿಗೆ ಹೊಡೆಯಬೇಕು.

ಆರ್ಟಿಕಲ್ಸ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. 'ಎ', 'ಆ್ಯನ್' ಆರಿಸೋಕೆ ನಮ್ಮ ಕನ್ನಡ ಲಿಪಿಯೇ ಸಾಕು. ಇಂಗ್ಲಿಷ್ ಸ್ಪೆಲಿಂಗ್ ಮರೆತುಬಿಡಿ. ಆ ಪದವನ್ನು ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರ ಆದರೆ 'ಆ್ಯನ್', ವ್ಯಂಜನ ಆದರೆ 'ಎ'. ಯೂನಿವರ್ಸಿಟಿ, ಮೊದಲಿಗೆ 'ಯ' ಇದೆ, ಹಾಗಾಗಿ 'ಎ ಯೂನಿವರ್ಸಿಟಿ'. ಅವರ್ ಅಂದರೆ ಗಂಟೆ, ಮೊದಲಿಗೆ 'ಅ', ಹಾಗಾಗಿ 'ಆ್ಯನ್ ಅವರ್'. ಎಂಎಲ್‌ಎ, ಮೊದಲಿಗೆ 'ಎ', ಹಾಗಾಗಿ 'ಆ್ಯನ್ ಎಂಎಲ್‌ಎ'. ಒಂದೇ ಎಚ್ಚರಿಕೆ. ನಾವು ಮಾತಿನಲ್ಲಿ ಎಂಎಲ್‌ಎಯನ್ನು 'ಯೆಮ್ಮೆಲ್ಲೆ' ಅನ್ನುತ್ತೇವೆ. ಆ ಯಕಾರವನ್ನು ಲೆಕ್ಕಕ್ಕೆ ತಗೋಬೇಡಿ. 'ಒನ್' ಅನ್ನೋದರಲ್ಲಿ ಇದರ ಉಲ್ಟಾ. ಕನ್ನಡದಲ್ಲಿ 'ಒ' ಬರೆಯುತ್ತೇವೆ, ಆದರೆ ಇಂಗ್ಲಿಷ್ ಉಚ್ಚಾರ 'ವನ್'. ಅದಕ್ಕೆ 'ಎ ಒನ್-ರುಪೀ ಕಾಯಿನ್'.

'ದಿ' ಮಾತ್ರ ಇಷ್ಟು ಸುಲಭ ಅಲ್ಲ. ಕನ್ನಡದಲ್ಲಿ ಆರ್ಟಿಕಲ್ ಇಲ್ಲದ್ದರಿಂದ ಅದು ತಡವಾಗಿ ಬರುತ್ತದೆ. ನಾನು ಬಳಸುವ ಉಪಾಯ ಏನಂದರೆ, ಕೇಳುವವರಿಗೆ ಯಾವುದು ಅಂತ ಆಗಲೇ ಗೊತ್ತಾ ಅಂತ ಕೇಳಿಕೊಳ್ಳುವುದು. 'ಎ ಕಸ್ಟಮರ್ ಕೇಮ್ ದಿಸ್ ಮಾರ್ನಿಂಗ್. ದಿ ಕಸ್ಟಮರ್ ವಾಂಟೆಡ್ ಎ ಲೋನ್.' ನದಿಗಳ ಹೆಸರಿಗೆ 'ದಿ' ಬರುತ್ತದೆ, 'ದಿ ಕೃಷ್ಣಾ', 'ದಿ ಘಟಪ್ರಭಾ'. ಊರಿನ ಹೆಸರಿಗೆ ಸಾಮಾನ್ಯವಾಗಿ ಬರಲ್ಲ.

ಡಿಪ್ಲೊಮಾ ವಿದ್ಯಾರ್ಥಿ, ಗೋಕಾಕ

ಇಷ್ಟೆಲ್ಲ ಯಾಕೆ? ಮೊಬೈಲಿನಲ್ಲಿ ಬರೆದು ಹಾಕಿದರೆ ಎಐ ಆ್ಯಪ್‌ಗಳೇ ತಿದ್ದಿ ಕೊಡುತ್ತವೆ.

ಹೈಸ್ಕೂಲ್ ಶಿಕ್ಷಕಿ, ಅಥಣಿ

ಬಳಸಿ, ಬೇಡ ಅನ್ನಲ್ಲ. ಕೆಂಪು ಗೆರೆಗೆ ಕಾರಣ ಕೇಳೋಕೆ ಯಾರೂ ಸಿಗದ ಹುಡುಗರಿಗೆ ಅದು ದೊಡ್ಡ ಸಹಾಯ. ಆದರೆ ಕ್ರಮ ಒಂದು ಇರಲಿ. ಮೊದಲು ನೀವೇ ಬರೆಯಿರಿ. ಎಲ್ಲಿ ಸಂಶಯ ಇದೆಯೋ ಅಲ್ಲಿ ಗುರುತು ಹಾಕಿ. ಆಮೇಲೆ ತಿದ್ದಿಸಿ. ನೀವು ಗುರುತು ಹಾಕದ ಜಾಗದಲ್ಲಿ ಅದು ತಿದ್ದಿದ್ದರೆ ಅಲ್ಲಿ ನಿಲ್ಲಿ, ಯಾಕೆ ಅಂತ ಅದನ್ನೇ ಕೇಳಿ, ಬಂದ ಉತ್ತರವನ್ನು ಪುಸ್ತಕದಲ್ಲಿ ಒಮ್ಮೆ ನೋಡಿ. ನಿಮಗೆ ಸಂಶಯವೇ ಬಾರದ ತಪ್ಪುಗಳೇ ನಿಮ್ಮ ಪಾಠ. ಬರೀ ತಿದ್ದಿದ್ದನ್ನು ಕಾಪಿ ಮಾಡಿದರೆ ಪರೀಕ್ಷಾ ಕೊಠಡಿಯಲ್ಲಿ, ಸಂದರ್ಶನದಲ್ಲಿ ಮೊಬೈಲ್ ಇರಲ್ಲ.

ಎಂಎ ಓದುತ್ತಿರುವವರು, ಶಹಾಪುರ, ಬೆಳಗಾವಿ

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದರಲ್ಲ, ಅದಕ್ಕೆ ಒಂದು ಮಾಹಿತಿ. ಯುರೋಪಿನ ಕೌನ್ಸಿಲ್ 2001ರಲ್ಲಿ ಹೊರತಂದ, ಭಾಷೆ ಎಷ್ಟು ಬರುತ್ತದೆ ಅಂತ ತಿಳಿಸುವ ಆರು ಹಂತಗಳ ಅಳತೆ ಇದೆ, ಎ1ರಿಂದ ಸಿ2ವರೆಗೆ. ಮಧ್ಯಮ ಹಂತ ಅಂದರೆ ಬಿ1 ಮತ್ತು ಬಿ2. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ತಾಣದಲ್ಲಿ ಈ ಹಂತಗಳ ಪ್ರಕಾರವೇ ಗ್ರಾಮರ್ ಪಾಠಗಳಿವೆ, ಉಚಿತ. ಎ1, ಎ2 ಬಿಟ್ಟು ನೇರವಾಗಿ ಬಿ1ಗೆ ಹೋಗಿ. ಕೇಂದ್ರ ಸರ್ಕಾರದ ಸ್ವಯಂ ತಾಣದಲ್ಲೂ ಇಂಗ್ಲಿಷ್ ಕೋರ್ಸ್‌ಗಳಿರುತ್ತವೆ. ಓದೋದು ಉಚಿತ, ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆಗೆ ಶುಲ್ಕ ಕಟ್ಟಬೇಕು.

ನರ್ಸಿಂಗ್ ವಿದ್ಯಾರ್ಥಿನಿ, ಇಂಡಿ

ಸರ್, 'ಇಫ್' ಬಗ್ಗೆಯೂ ಸ್ವಲ್ಪ ಹೇಳಿ. ಫಸ್ಟ್, ಸೆಕೆಂಡ್, ಥರ್ಡ್ ಕಂಡೀಷನಲ್ ಅಂತ ಮೂರು ಬಾಕ್ಸ್ ಹಾಕಿ ಕೊಟ್ಟಿದ್ದಾರೆ. ಯಾವುದು ಯಾವಾಗ ಅಂತ ಗೊಂದಲ.

ಇಂಗ್ಲಿಷ್ ಅಧ್ಯಾಪಕ, ವಿಜಯಪುರ

ಇಲ್ಲಿ ಕನ್ನಡ ನಮಗೆ ಸಹಾಯ ಮಾಡುತ್ತದೆ. 'ನಾಳೆ ಮಳೆ ಬಂದರೆ ಹೋಗಲ್ಲ' ಅನ್ನುತ್ತೇವೆ. ನಾಳೆಯ ಮಾತೇ ಆದರೂ 'ಬಂದರೆ' ಅನ್ನುತ್ತೇವೆ, ಭವಿಷ್ಯದ ರೂಪ ಹಾಕಲ್ಲ. ಇಂಗ್ಲಿಷ್ ಕೂಡ 'ಇಫ್' ಪಕ್ಕ 'ವಿಲ್' ಹಾಕಲ್ಲ. 'ಇಫ್ ಇಟ್ ರೇನ್ಸ್ ಟುಮಾರೋ, ಐ ವಿಲ್ ನಾಟ್ ಗೋ'. ಇದು ಫಸ್ಟ್. ಆಗಬಹುದಾದ ಮಾತು.

ಇನ್ನೊಂದು ಸಂಗತಿ ಗಮನಿಸು. 'ಬಂದರೆ' ಅನ್ನೋದರಲ್ಲಿ 'ಬಂದ' ಇದೆ. ಅಂದರೆ ಆಗದೇ ಇರುವ ಮಾತಿಗೂ ಆಗಿಹೋದ ರೂಪ ಬಳಸುವುದು ನಮಗೆ ಹೊಸದಲ್ಲ. ಇಂಗ್ಲಿಷ್ ಸೆಕೆಂಡ್ ಕಂಡೀಷನಲ್ ಮಾಡೋದೂ ಅದನ್ನೇ. 'ಇಫ್ ಐ ಹ್ಯಾಡ್ ಎ ಸ್ಕೂಟಿ, ಐ ವುಡ್ ಕಮ್ ಅರ್ಲಿ'. ರೂಪ ಪಾಸ್ಟ್, ಮಾತು ಇವತ್ತಿನದು. ಸ್ಕೂಟಿ ಈಗ ಇಲ್ಲ.

ಸಿಕ್ಕಿಕೊಳ್ಳೋದು ಸೆಕೆಂಡ್ ಮತ್ತು ಥರ್ಡ್ ನಡುವೆ. ಕನ್ನಡದಲ್ಲಿ 'ಸ್ಕೂಟಿ ಇದ್ದಿದ್ದರೆ ಬೇಗ ಬರ್ತಿದ್ದೆ' ಅಂದರೆ ಇವತ್ತಿನ ಮಾತೂ ಆಗಬಹುದು, ಹೋದ ವರ್ಷದ ಮಾತೂ ಆಗಬಹುದು. ಇಂಗ್ಲಿಷ್ ಎರಡನ್ನೂ ಬೇರೆ ಮಾಡುತ್ತದೆ. ಮುಗಿದುಹೋದ, ಇನ್ನು ಬದಲಿಸಲಾಗದ ಮಾತು ಆದರೆ ಥರ್ಡ್. 'ಇಫ್ ದಿ ಪೇಷಂಟ್ ಹ್ಯಾಡ್ ಕಮ್ ಅರ್ಲಿಯರ್, ವಿ ವುಡ್ ಹ್ಯಾವ್ ಸ್ಟಾರ್ಟೆಡ್ ದಿ ಟ್ರೀಟ್‌ಮೆಂಟ್ ಅರ್ಲಿಯರ್'. ನರ್ಸಿಂಗ್‌ನಲ್ಲಿ ನಿನಗೆ ಹೆಚ್ಚು ಬೇಕಾಗೋದು ಫಸ್ಟ್. 'ಇಫ್ ದಿ ಫೀವರ್ ಗೋಸ್ ಅಪ್, ಕಾಲ್ ದಿ ಡಾಕ್ಟರ್'. ಅದನ್ನು ಮೊದಲು ಗಟ್ಟಿ ಮಾಡಿಕೋ.

ಬಿಎ ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ

ಎಲ್ಲರ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಟೆನ್ಸ್ ಹೆಸರಿನ ಬದಲು 'ಇಂದ', 'ಅಂತ', 'ಓದಿದ', 'ಕಟ್ಟಿದರು', 'ಬಂದರೆ' ಅಂತ ಪುಟಗಳಿಗೆ ಹೆಸರು ಕೊಟ್ಟಿದ್ದೇನೆ. ಹಳೆಯ ಉತ್ತರ ಪತ್ರಿಕೆಗಳ ಗೆರೆ ಬಿದ್ದ ವಾಕ್ಯಗಳಲ್ಲಿ ಹೆಚ್ಚಿನವು ಈ ಐದು ಪುಟಗಳಲ್ಲೇ ಸೇರಿಕೊಂಡವು. ಹೊಸದಾಗಿ ಬರೆದ ಪ್ಯಾರಾ ಇದು, ನೋಡಿ ಹೇಳಿ:

'ಐ ಹ್ಯಾವ್ ಬೀನ್ ಲಿವಿಂಗ್ ಇನ್ ನವನಗರ ಫಾರ್ ಟೆನ್ ಇಯರ್ಸ್. ಮೈ ಗ್ರ್ಯಾಂಡ್‌ಫಾದರ್ ಈಸ್ ಯೂಸ್ಡ್ ಟು ಲಿವ್ ಇನ್ ಓಲ್ಡ್ ಬಾಗಲಕೋಟೆ. ದಿ ಹೌಸ್ ವೇರ್ ಹಿ ವಾಸ್ ಬಾರ್ನ್ ಈಸ್ ನಾಟ್ ದೇರ್ ನೌ, ಬಿಕಾಸ್ ದಿ ವಾಟರ್ ಆಫ್ ಆಲಮಟ್ಟಿ ಡ್ಯಾಮ್ ಕೇಮ್ ದೇರ್. ಹಿ ಟೋಲ್ಡ್ ಮಿ ದಟ್ ಹಿ ಹ್ಯಾಡ್ ಎ ಶಾಪ್ ಇನ್ ದಿ ಓಲ್ಡ್ ಮಾರ್ಕೆಟ್.'

ಇಂಗ್ಲಿಷ್ ಅಧ್ಯಾಪಕ, ವಿಜಯಪುರ

ತಂಗಿ, ಓದಿ ಬಹಳ ಸಂತೋಷ ಆಯಿತು. 'ವೇರ್ ಹಿ ವಾಸ್ ಬಾರ್ನ್' ಸರಿಯಾಗಿ ಬಂದಿದೆ. 'ಟೋಲ್ಡ್ ಮಿ ದಟ್ ಹಿ' ಕೂಡ.

ಎರಡೇ ತಿದ್ದುಪಡಿ. ಅಜ್ಜನ ವಾಕ್ಯದಲ್ಲಿ 'ಈಸ್' ತೆಗೆ. ಮೊದಲು ವಾಸ ಇರುತ್ತಿದ್ದರು, ಈಗಿಲ್ಲ ಅನ್ನೋಕೆ 'ಯೂಸ್ಡ್ ಟು ಲಿವ್' ಸಾಕು. 'ಈಸ್ ಯೂಸ್ಡ್ ಟು' ಅಂದರೆ ರೂಢಿಯಾಗಿದೆ ಅಂತ, ಅದರ ಮುಂದೆ 'ಲಿವಿಂಗ್' ಬರಬೇಕಾಗುತ್ತದೆ. ಎರಡನೆಯದು 'ಆಲಮಟ್ಟಿ ಡ್ಯಾಮ್' ಮುಂದೆ 'ದಿ' ಸೇರಿಸು. ಆ ವಾಕ್ಯವನ್ನು ಪ್ಯಾಸಿವ್‌ನಲ್ಲಿ ಬರೆದರೆ ಇನ್ನೂ ಚೆನ್ನಾಗಿ ಕೂರುತ್ತದೆ. 'ದಿ ಏರಿಯಾ ವಾಸ್ ಸಬ್‌ಮರ್ಜ್ಡ್ ಇನ್ ದಿ ಬ್ಯಾಕ್‌ವಾಟರ್ಸ್ ಆಫ್ ದಿ ಆಲಮಟ್ಟಿ ಡ್ಯಾಮ್'.

ಮುಂದಿನ ವಾರ ಅಜ್ಜನ ಅಂಗಡಿಯ ಬಗ್ಗೆಯೇ ಇನ್ನೊಂದು ಪುಟ ಬರೆದು ಹಾಕು. ಅಂಗಡಿ ಮುಳುಗದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಅಜ್ಜನನ್ನೇ ಕೇಳು. ಥರ್ಡ್ ಕಂಡೀಷನಲ್‌ಗೆ ಬೇಕಾದಷ್ಟು ವಾಕ್ಯ ಅವರ ಹತ್ತಿರವೇ ಸಿಗುತ್ತವೆ.